ಹನ್ನೊಂದನೇ ತಿಂಗಳಿನ ಸದ್ದು

ಕಳೆದ ವಾರ ನಮ್ಮ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ವರ್ಷವೆಲ್ಲ ಅಟ್ಟದ ಮೇಲೆ ಕೂತು ಒಣಗಿದ ತೆಂಗಿನಕಾಯಿ. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪು ಬಿಟ್ಟು, ಗುಂಡಗೆ ಕೊಬ್ಬರಿ ಗಿಟುಕಾಗಿರಬೇಕು. ಆಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ನಮ್ಮ ದಂಡಿನಶಿವರದ ಕಡೆ ಕಣ್ಣು ಬೇಕಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕಾಯಿಯೇ ಹೇಳುತ್ತದೆ. ಈ ಸಲ ಅಟ್ಟದ ಹಲಗೆ ಬದಲಾಯಿಸುವುದಿತ್ತು, ಹಾಗಾಗಿ ಮೂಲೆ ಸಂದಿಯನ್ನೆಲ್ಲ ಬಳಿದು ತೆಗೆಯಿರಿ ಅಂದಿದ್ದೆ. ಏಣಿಯ ಮೇಲಿದ್ದ ಆಳು ಸಿದ್ದಣ್ಣನ ಕೈಗೆ ತೊಲೆಯ ಸಂದಿಯಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬ ಸಿಕ್ಕಿತು. ಅವನು ಅದನ್ನೂ ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿದ.

"ಅಕ್ಕಾ, ಇದೂ ಒಣಗೈತೆ ಕಣಕ್ಕ. ಇಳಿಸ್ಲಾ?"

ನಗಬೇಡಿ. ನಮ್ಮ ಕಡೆಯವರು ಏನು ಕೈಗೆ ಸಿಕ್ಕರೂ ಮೊದಲು ಅಲ್ಲಾಡಿಸಿ ನೋಡುತ್ತಾರೆ. ಗ್ಯಾಸ್ ಸಿಲಿಂಡರ್ ಆಗಲಿ, ಕೆಮ್ಮಿನ ಔಷಧಿಯಾಗಲಿ, ಮದುವೆಯಲ್ಲಿ ಕೊಟ್ಟ ಉಡುಗೊರೆಯಾಗಲಿ. ನಾನು ತಿಪಟೂರಿನಲ್ಲಿ ಹೊಸ ಮೊಬೈಲು ಕೊಂಡ ದಿನ ಡಬ್ಬವನ್ನು ಹೀಗೇ ಕಿವಿಗೆ ಹಿಡಿದು ಆಡಿಸಿದರೆ, ಅಂಗಡಿಯವನು "ಅಯ್ಯಯ್ಯೋ ಅಮ್ಮಾ!" ಎಂದು ಎದೆ ಹಿಡಿದುಕೊಂಡ. ಅಭ್ಯಾಸಬಲ, ಏನು ಮಾಡುವುದು?

ಆದರೆ ಮೊನ್ನೆ ನನಗೆ ನಗು ಬರಲಿಲ್ಲ. ಆ ಡಬ್ಬವನ್ನು ಅಲ್ಲಿ ಬಚ್ಚಿಟ್ಟವಳು ನಾನೇ. ಇಟ್ಟು ನಲವತ್ತು ವರ್ಷದ ಮೇಲಾಯಿತು. ಒಳಗೇನಿದೆ ಅನ್ನುವುದು ನನ್ನೊಬ್ಬಳಿಗೇ ಗೊತ್ತು. ಒಂದು ಸುರುಳಿ ಟೇಪು, ಮತ್ತು ನಾನು ಕೆಡಿಸಿದ ಒಂದು ಕೆಲಸ.

ಯಾರ ಕೆಲಸ ಅನ್ನುವುದನ್ನು ಹೇಳಬೇಕಾದರೆ ನಮ್ಮ ಚಿಕ್ಕಮಾವನಿಂದ ಶುರು ಮಾಡಬೇಕು. ನನ್ನ ಮಾವನವರ ತಮ್ಮ. ಮಾಯಸಂದ್ರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಹೆಣ್ಣಿನ ಮನೆಯೋರು ಬಂದಾಗ ನಾನು ರೇಡಿಯೋ ಬಿಚ್ಚಿ ಹರಡ್ಕಂಡಿದ್ದೆ ಕಣವ್ವ, ಅವರಿಗೆ ಕೂರಕ್ಕೆ ಜಾಗ ಇರ್ಲಿಲ್ಲ" ಅನ್ನುತ್ತಿದ್ದರು. ಅವರಿದ್ದದ್ದು ಅಣ್ಣನ ಜೊತೆ ಇದೇ ಮನೆಯಲ್ಲಿ, ನಾನು ಸೊಸೆಯಾಗಿ ಬಂದಾಗಲೂ ಜಾಗ ಇರಲಿಲ್ಲ. ಪಡಸಾಲೆಯ ತುಂಬ ವೈರು, ವಾಲ್ವು. ನಟ್ಟ ನಡುವೆ ದೊಡ್ಡ ಟೇಪ್ ರೆಕಾರ್ಡರು, ಎರಡು ಚಕ್ರ ತಿರುಗುವಂಥದ್ದು. ಯಾರೋ ನಿವೃತ್ತ ಮಿಲಿಟರಿಯವರಿಂದ ಕೊಂಡದ್ದಂತೆ. ಅದರ ಟೇಪನ್ನು ಗಡ್ಡ ಹೆರೆಯುವ ಬ್ಲೇಡಿನಿಂದ ತುಂಡು ತುಂಡು ಮಾಡಿ, ಮತ್ತೆ ಅಂಟಿಸಿ, ತುದಿಗೆ ತುದಿ ಸೇರಿಸಿ ಬಳೆಯ ಹಾಗೆ ಮಾಡಿ ಓಡಿಸುತ್ತಿದ್ದರು. ಬಳೆ ದೊಡ್ಡದಾದರೆ ಪಡಸಾಲೆಯ ಕಂಬಕ್ಕೆ ಒಂದು ಸುತ್ತು ಹಾಕಿಸಿ ತರುತ್ತಿದ್ದರು. ನಾನು ಕಾಫಿ ತಟ್ಟೆ ಹಿಡಿದು ಆ ಓಡುವ ಟೇಪಿನ ಕೆಳಗೆ ಬಗ್ಗಿ ಹೋಗಬೇಕಿತ್ತು. ಹೊಸ ಸೊಸೆ ಎಷ್ಟು ವಿನಯ ಎಂದು ನೋಡಿದವರು ಹೊಗಳಿದ್ದೂ ಉಂಟು.

ಅದರ ಜೊತೆಗೆ ಒಂದು ಶಿಳ್ಳೆಯ ಪೆಟ್ಟಿಗೆ. ಹಳೇ ರೇಡಿಯೋಗಳ ಸಾಮಾನು ಸೇರಿಸಿ ಅವರೇ ಕಟ್ಟಿದ್ದು. ಗುಬುಟು ತಿರುಗಿಸಿದರೆ ಸಣ್ಣಗೆ ಕೂಗಿ, ದಪ್ಪಗಾಗಿ, ಕೊನೆಗೆ ಎಮ್ಮೆ ನರಳಿದಂತೆ ಆಗುತ್ತಿತ್ತು. ನಮ್ಮತ್ತೆಗೆ ಅದನ್ನು ಕಂಡರೆ ಆಗದು.

"ಏನಪ್ಪಾ ಇದು, ಮೂರು ಸಂಜೆ ಹೊತ್ನಲ್ಲಿ ದೆವ್ವ ಅಳ್ತಾ ಇದ್ದಂಗೆ! ಹಸ ಹಾಲು ಕೊಡಲ್ಲ ಕಣಪ್ಪ, ಬುಡು ಸಾಕು."

"ಇದೂ ಸಂಗೀತ ಕಣತ್ತಿಗೆ. ಪರದೇಶದಲ್ಲಿ ದೊಡ್ಡ ದೊಡ್ಡೋರು ಇದನ್ನೇ ಮಾಡವ್ರೆ."

ಆ ದೊಡ್ಡವರ ವಿಷಯ ಅವರಿಗೆ ತಿಳಿದದ್ದು ಭಾನುವಾರದ ಶಾರ್ಟ್‌ವೇವ್ ರೇಡಿಯೋದಿಂದ. ವಿದ್ಯುತ್ತಿನಿಂದ ಸಂಗೀತ ಮಾಡಿದ ಮೊದಮೊದಲಿನವರ ಬಗ್ಗೆ ಯಾವುದೋ ದೇಶದ ಸ್ಟೇಷನ್ ವಾರವಾರ ಹೇಳುತ್ತಿತ್ತು. ಆದರೆ ಗೊರಗೊರ ಶಬ್ದದಲ್ಲಿ ಸರಿಯಾಗಿ ಹೆಸರು ಹೇಳುವ ಹೊತ್ತಿಗೇ ದನಿ ಮುಳುಗಿ ಹೋಗುತ್ತಿತ್ತಂತೆ. ಚಿಕ್ಕಮಾವ ಬಿಡುವವರೇ? ತಾವೇ ಹೆಸರಿಟ್ಟುಕೊಂಡರು. ಎರಡು ಕಡ್ಡಿ ನೆಟ್ಟ ಪೆಟ್ಟಿಗೆಯ ಮುಂದೆ ನಿಂತು, ಅದನ್ನು ಮುಟ್ಟದೆ, ಬರೀ ಗಾಳಿಯಲ್ಲಿ ಕೈಯಾಡಿಸಿ ಹಾಡಿಸಿದ ರಷ್ಯಾದವನು ಮುಟ್ಟದಪ್ಪ. ರೈಲಿನ ಕೂಗು, ಗಾಲಿಯ ಸದ್ದುಗಳನ್ನು ಹಿಡಿದು, ತುಂಡರಿಸಿ, ಹಿಂದು ಮುಂದು ಜೋಡಿಸಿ, ಇದೇ ಸಂಗೀತ ಎಂದು ರೇಡಿಯೋದಲ್ಲಿ ಬಿಟ್ಟ ಫ್ರಾನ್ಸಿನವನು ರೈಲಪ್ಪ. ಲೋಕದ ಯಾವ ಸದ್ದೂ ಬೇಡ, ಕರೆಂಟಿನ ಶಿಳ್ಳೆಯನ್ನೇ ಅಳೆದು ಒಂದರ ಮೇಲೊಂದು ಪೇರಿಸುತ್ತೇವೆ ಎಂದು ಹಟ ಹಿಡಿದ ಜರ್ಮನಿಯವರು ಶಿಳ್ಳೆಯಣ್ಣಗಳು. ಇಂಗ್ಲೆಂಡಿನಲ್ಲಿ ಒಬ್ಬಾಕೆ ದೀಪದ ತಗಡಿನ ಟೋಪಿಗೆ ತಟ್ಟಿ, ಆ ಸದ್ದಿನ ತಲೆ ಕತ್ತರಿಸಿ, ಬಾಲವನ್ನು ಮಾತ್ರ ಉಳಿಸಿಕೊಂಡು ರಾಗ ಕಟ್ಟಿದಳಂತೆ. ಆಕೆ ಲಾಂದ್ರದಕ್ಕ.

ನಾನು ಕಾಯಿ ತುರಿಯುತ್ತಾ ಕೂತರೆ ಚಿಕ್ಕಮಾವ ಈ ಕಥೆಗಳನ್ನು ಹೇಳುವರು. ನಮ್ಮ ಮನೆಯಲ್ಲಿ ಅವರೆಲ್ಲ ಬಂದು ಹೋಗುವ ನೆಂಟರ ಹಾಗಾಗಿದ್ದರು. ಕರೆಂಟು ಹೋದರೆ ಅತ್ತೆಯೇ, "ನೋಡಪ್ಪ, ಶಿಳ್ಳೆಯಣ್ಣಗಳ ಕಥೆ ಇವತ್ತಿಗೆ ಮುಗೀತು" ಅನ್ನುವರು. ನನಗೆ ಹತ್ತಿರವಾದವಳು ಲಾಂದ್ರದಕ್ಕ. ಅಡಿಗೆಮನೆಯಲ್ಲಿ ಸೌಟು ಬಿದ್ದಾಗಲೆಲ್ಲ ಅದರ ತಲೆ ಎಲ್ಲಿ, ಬಾಲ ಎಲ್ಲಿ ಎಂದು ಕಿವಿಗೊಟ್ಟು, ಒಗ್ಗರಣೆ ಸೀಯಿಸಿಕೊಂಡವಳು ನಾನು.

ಚಿಕ್ಕಮಾವ ನನಗೆ ಎಲ್ಲ ಹೇಳಿದ್ದರು, ಒಂದನ್ನು ಬಿಟ್ಟು. ಅವರದೇ ಒಂದು ಸಂಗೀತ ಅಟ್ಟದ ಮೇಲೆ ನಡೆಯುತ್ತಿದೆ ಅನ್ನುವುದನ್ನು ಹೇಳಿರಲಿಲ್ಲ.

ನಾನು ಬರುವುದಕ್ಕೆ ಎಂಟು ತಿಂಗಳು ಮೊದಲೇ ಅದು ಶುರುವಾಗಿತ್ತು. ಅಟ್ಟಕ್ಕೆ ಹೊಸ ಕಾಯಿ ಹಾಕಿದ ದಿನ ಚಿಕ್ಕಮಾವ ಅದರಲ್ಲಿ ಒಂದನ್ನು ಆರಿಸಿ ಬೇರೆ ಇಟ್ಟರು. ಪ್ರತಿ ತಿಂಗಳ ಮೊದಲ ಭಾನುವಾರ ಅದನ್ನು ಇಳಿಸಿ, ಮೈಕಿನ ಮುಂದೆ ಅತ್ತೆಯ ಕೈಯಲ್ಲಿ ಅಲ್ಲಾಡಿಸಿ, ಟೇಪಿಗೆ ಹಿಡಿಯುವುದು. ಅತ್ತೆಯೇ ಯಾಕೆಂದರೆ ಅವರ ಕೈ ಗಡಿಯಾರದ ಹಾಗೆ. ಮೂರು ಸಲ ಆಡಿಸಿ ನಿಲ್ಲಿಸುವರು, ಮತ್ತೆ ಮೂರು ಸಲ. ಬಾಯಲ್ಲಿ ಬೈದರೂ ಆ ದಿನ ಅತ್ತೆ ಒಳ್ಳೇ ಸೀರೆ ಉಟ್ಟು ಬರುತ್ತಿದ್ದರಂತೆ, ಟೇಪಿನಲ್ಲಿ ಸೀರೆ ಕಾಣುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳದೆ. ಮೊದಲ ತಿಂಗಳು ತುಂಬಿದ ನೀರಿನ ಗುಳುಗುಳು. ಬರಬರುತ್ತಾ ನೀರು ಕಮ್ಮಿಯಾಗಿ ಸದ್ದು ಚುರುಕಾಗುತ್ತದೆ. ಆಮೇಲೆ ನೀರು ಪೂರಾ ಹಿಂಗಿ, ತಿರುಳಿನ್ನೂ ಚಿಪ್ಪಿಗೆ ಕಚ್ಚಿಕೊಂಡೇ ಇರುವಾಗ ಕಾಯಿ ಮೂಕಾಗುತ್ತದೆ. ಎಷ್ಟು ಆಡಿಸಿದರೂ ಸದ್ದಿಲ್ಲ. ಕೊನೆಗೊಂದು ದಿನ ತಿರುಳು ಚಿಪ್ಪನ್ನು ಬಿಟ್ಟು, ಗಿಟುಕು ಒಳಗಡೆ ಬಡಿಯುವುದಕ್ಕೆ ಶುರುವಾಗುತ್ತದೆ. ಚಿಕ್ಕಮಾವ ಕಾಯುತ್ತಿದ್ದದ್ದು ಆ ಮೊದಲ ಬಡಿತಕ್ಕೆ. ನಾನು ಮನೆಗೆ ಕಾಲಿಟ್ಟಾಗ ಕಾಯಿ ಮೂಕಾಗಿತ್ತು, ಅದಕ್ಕೇ ಅದರ ಮಾತೂ ಇರಲಿಲ್ಲ; ಆ ಎರಡು ತಿಂಗಳ ಮೊದಲ ಭಾನುವಾರ ಹೊಸ ಮದುವಣಗಿತ್ತಿ ನಾನು ತವರಿಗೆ ಹೋಗಿದ್ದೆ.

ಒಂದೇ ಕಾಯಿ ಯಾಕೆ, ನಾಲ್ಕು ಇಡಬಾರದಿತ್ತೇ ಎಂದು ನೀವು ಕೇಳಬಹುದು. ಅತ್ತೆಯೂ ಕೇಳಿದ್ದರಂತೆ. "ಒಬ್ಬ ಹಾಡುಗಾರನ್ನ ಕೂರಿಸಿ ಅರ್ಧಕ್ಕೆ ಇನ್ನೊಬ್ಬನ್ನ ಕೂರಿಸಕ್ಕಾಯ್ತದೇನತ್ತಿಗೆ?" ಅಂದರಂತೆ.

ಗುರುತಿಗೆ ಆ ಕಾಯಿಗೆ ಅವರು ಒಂದು ಕೆಂಪು ಪಟ್ಟಿ ಕಟ್ಟಿದ್ದರು. ಟೇಪು ಸುರುಳಿಯ ತುದಿಗೆ ಬಣ್ಣದ ಪಟ್ಟಿ ಬರುತ್ತದಲ್ಲ, ಅದು. ನನ್ನ ಗ್ರಹಚಾರ ಇದ್ದದ್ದು ಆ ಕೆಂಪು ಪಟ್ಟಿಯಲ್ಲಿ.

ನನ್ನ ತವರು ಚಿಕ್ಕನಾಯಕನಹಳ್ಳಿ ಕಡೆ. ನಮ್ಮವ್ವ ಯಾರಿಗಾದರೂ ಕಾಯಿಲೆಯಾದರೆ ಕಾಯಿಗೆ ಕೆಂಪು ಬಟ್ಟೆ ಕಟ್ಟಿ, ದೇವರಿಗೆ ಮುಡಿಪು ಎಂದು ಅಟ್ಟದ ಮೂಲೆಯಲ್ಲಿಡುವಳು. ವಾಸಿಯಾದ ಮೇಲೆ ತೆಗೆದುಕೊಂಡು ಹೋಗಿ ಒಡೆಸುವುದು. ಮರೆತರೆ ಮನೆಗೆ ಒಳ್ಳೆಯದಲ್ಲ. ಹಾಗೆ ಬೆಳೆದವಳು ನಾನು. ಮದುವೆಯಾಗಿ ಮೂರನೇ ತಿಂಗಳು ಅತ್ತೆಗೆ ಜ್ವರ ಬಂತು. ನಾಲ್ಕು ದಿನವಾದರೂ ಬಿಡಲಿಲ್ಲ. ಕಂಬಳಿ ತರುವುದಕ್ಕೆ ಅಟ್ಟ ಹತ್ತಿದೆ. ಮೂಲೆಯಲ್ಲಿ, ಎಲ್ಲ ಕಾಯಿಗಳಿಂದ ಬೇರೆಯಾಗಿ, ಒಂದು ತಟ್ಟೆಯ ಮೇಲೆ, ಕೆಂಪು ಪಟ್ಟಿ ಕಟ್ಟಿಸಿಕೊಂಡು ಕೂತಿದೆ ಒಂದು ಕಾಯಿ!

ಅಯ್ಯೋ ದೇವರೇ, ಮುಡಿಪು ಕಟ್ಟಿ ಮರೆತಿದ್ದಾರೆ, ಜ್ವರಕ್ಕೆ ಇದೇ ಕಾರಣ. ಯಾರನ್ನೂ ಕೇಳಲಿಲ್ಲ. ಮುಡಿಪಿನ ಮಾತನ್ನು ಹಾಗೆಲ್ಲ ಬಾಯಿಬಿಟ್ಟು ಆಡಬಾರದು. ಹಿತ್ತಲಲ್ಲಿ ನಾನೇ ಸುಲಿದು, ಜುಟ್ಟು ಬಿಟ್ಟು, ಅರಿಶಿನ ಕುಂಕುಮ ಹಚ್ಚಿ, ಬುಟ್ಟಿಯಲ್ಲಿಟ್ಟುಕೊಂಡು ಊರಮ್ಮನ ಗುಡಿಗೆ ಹೊರಟೆ. ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ಬುಟ್ಟಿಯೊಳಗೆ ಸದ್ದು. ಲೊಟಕ್. ಲೊಟಕ್. ಅಮ್ಮ ಒಪ್ಪಿಕೊಂಡಳು ಎಂದುಕೊಂಡೆ ನಾನು.

ಪೂಜಾರಪ್ಪ ಒಡೆದ. ಒಂದು ಹನಿ ನೀರಿಲ್ಲ, ಗುಂಡಗೆ ಗಿಟುಕು ಉರುಳಿ ಬಿತ್ತು. "ಎಷ್ಟು ಕಾಲದ ಮುಡಿಪವ್ವ ಇದು?" ಅಂದ. "ಬಲು ಹಳೇದು" ಅಂದೆ, ದೊಡ್ಡದಾಗಿ ತಿಳಿದವಳಂತೆ. ಮನೆಗೆ ಬಂದರೆ ಅತ್ತೆಯ ಜ್ವರ ಇಳಿದಿತ್ತು. ಬೆಳಿಗ್ಗೆ ಡಾಕ್ಟರು ಬಂದು ಸೂಜಿ ಚುಚ್ಚಿ ಹೋಗಿದ್ದರು ಅನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಈ ಮನೆಯನ್ನು ಕಾಪಾಡಿದವಳು ನಾನು ಎಂದು ಒಳಗೊಳಗೇ ಹಿಗ್ಗಿದೆ.

ಎರಡು ದಿನ ಕಳೆದು ಭಾನುವಾರ ಬಂತು. ಚಿಕ್ಕಮಾವ ಸ್ಟೂಲಿನ ಮೇಲೆ ಮೈಕು ಇಟ್ಟು, ಮಿಷನ್ನು ಅಣಿ ಮಾಡಿ, ಅಟ್ಟ ಹತ್ತಿದರು. ಬರಿಗೈಯಲ್ಲಿ ಇಳಿದು ಬಂದರು.

"ಅತ್ತಿಗೆ, ಕಾಯಿ ಎಲ್ಲಿ?"

"ನಂಗೇನಪ್ಪ ಗೊತ್ತು? ಹನ್ನೊಂದ್ ತಿಂಗಳಿಂದ ಕಾಯ್ತಾ ಇರೋನು ನೀನು!"

ಅಡಿಗೆಮನೆಯ ಬಾಗಿಲಲ್ಲಿ ನಿಂತು ಆ ಮಾತು ಕೇಳಿದ ನನಗೆ ಒಂದೇ ಗಳಿಗೆಯಲ್ಲಿ ಎಲ್ಲ ತಿಳಿಯಿತು. ಪ್ರಸಾದ ಎಂದು ಎತ್ತಿಟ್ಟಿದ್ದ ಕೊಬ್ಬರಿಯ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಅವರ ಮುಂದೆ ಹೋಗಿ ನಿಂತೆ. "ಮುಡಿಪು ಅನ್ಕಂಡು ಒಡೆಸ್ಬುಟ್ಟೆ ಚಿಕ್ಕಮಾವ" ಎಂದು ಗೊಳೋ ಎಂದು ಅತ್ತುಬಿಟ್ಟೆ.

ಚಿಕ್ಕಮಾವ ನನ್ನ ಅಂಗೈಯಿಂದ ಆ ಚೂರನ್ನು ಎತ್ತಿಕೊಂಡರು. ಅತ್ತೆ ನನ್ನನ್ನು ಬೈದು, ಅವರನ್ನೂ ಬೈದು, ಕೊನೆಗೆ ಟೇಪ್ ರೆಕಾರ್ಡರನ್ನೇ ಬೈದರು. ಆಮೇಲೆ ಚಿಕ್ಕಮಾವ ಕೇಳಿದರು, "ಹೊತ್ಕಂಡು ಹೋಗುವಾಗ ಸದ್ದು ಬಂತೇನವ್ವ?"

"ಬಂತು."

"ಹೆಂಗೆ?"

ಅಳುತ್ತಲೇ ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟು ತೋರಿಸಿದೆ. ಲೊಟಕ್.

"ಇನ್ನೊಂದ್ಸಲ. ನಡ್ಕಂಡು ಹೋಗ್ತಿದ್ದಲ್ಲ, ಹಂಗೇ ನಡೀತಾ ಮಾಡು."

ಪಡಸಾಲೆಯಲ್ಲಿ ಆ ಕಂಬದಿಂದ ಈ ಕಂಬಕ್ಕೆ ಬಳೆ ಸದ್ದು ಮಾಡುತ್ತಾ, ಮೂಗು ಒರೆಸುತ್ತಾ, ಲೊಟಕ್ ಲೊಟಕ್ ಎನ್ನುತ್ತಾ ನಡೆದೆ. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಆಳುಗಳು ಕೆಲಸ ನಿಲ್ಲಿಸಿ ನಕ್ಕರು. ನನಗೆ ಅವಮಾನವಾಗಿ ಹೋಯಿತು. ತಪ್ಪಿಗೆ ಶಿಕ್ಷೆ, ಎಲ್ಲರ ಮುಂದೆ ಕೋತಿ ಕುಣಿಸುತ್ತಿದ್ದಾರೆ ಎಂದುಕೊಂಡು ಒಳಗೆ ಓಡಿದೆ. ಆಮೇಲೆ ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸ್ವಲ್ಪ ದಿನಕ್ಕೇ ಚಿಕ್ಕಮಾವನಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಹೊರಡುವ ದಿನ ಆ ಕಾಯಿಯ ಟೇಪನ್ನು ಈ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ನನ್ನ ಕೈಗಿಟ್ಟರು. "ಇದು ನಿಂದು ಕಣವ್ವ. ಎಲ್ಲಾದ್ರೂ ಮಿಷನ್ನು ಸಿಕ್ಕಿದಾಗ ಕೇಳು." ಅವರ ಮಿಷನ್ನು ಅವರ ಜೊತೆಗೇ ಹೋಯಿತು. ಕೆಡಿಸಿದವಳಿಗೇ ಕೆಟ್ಟದ್ದನ್ನು ಕಟ್ಟಿಕೊಟ್ಟು ಹೋದರಲ್ಲ ಎಂದು ನನಗೆ ಸಂಕಟ, ಅದರ ಹಿಂದೆಯೇ ಸಿಟ್ಟು. ಡಬ್ಬವನ್ನು ತೊಲೆಯ ಸಂದಿಗೆ ತುರುಕಿದೆ.

ಎಷ್ಟೋ ವರ್ಷದ ಮೇಲೆ ತಿಪಟೂರಿನಲ್ಲಿ ಒಂದು ಮದುವೆ. ಚಿಕ್ಕಮಾವ ಬಂದಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು ಕೂತು, ಮೆಲ್ಲಗೆ ಕೇಳಿದರು, "ಟೇಪು ಕೇಳಿದ್ಯೇನವ್ವ?"

"ಕೇಳಿದೆ ಚಿಕ್ಕಮಾವ."

"ಹೆಂಗಿತ್ತು?"

"ಚೆನ್ನಾಗಿತ್ತು."

ನಾನು ಇನ್ನೂ ಏನೋ ಹೇಳುತ್ತೇನೆಂದು ಅವರು ನನ್ನ ಮುಖವನ್ನೇ ನೋಡಿದರು. ನಾನು ಹೋಳಿಗೆ ಮುರಿಯುವುದರಲ್ಲಿ ಮಗ್ನಳಾದವಳಂತೆ ನಟಿಸಿದೆ. ಅದರ ಮುಂದಿನ ಬೇಸಿಗೆಗೆ ಚಿಕ್ಕಮಾವ ಹೋಗಿಬಿಟ್ಟರು. ಆ ಸುಳ್ಳು ಅವತ್ತಿನಿಂದ ನನ್ನ ಗಂಟಲಲ್ಲೇ ಕೂತಿದೆ. ಬೇರೆ ಸುಳ್ಳು ಹೇಳಿಲ್ಲವೇ ಎಂದರೆ, ಬೇಕಾದಷ್ಟು ಹೇಳಿದ್ದೇನೆ. ಅವು ಯಾವೂ ಹೀಗೆ ಕೂತಿಲ್ಲ.

ಅದಕ್ಕೇ ಮೊನ್ನೆ ಡಬ್ಬ ಸಿಕ್ಕ ಮಾರನೆಯ ದಿನವೇ ಬಸ್ಸು ಹತ್ತಿ ತುರುವೇಕೆರೆಗೆ ಹೋದೆ. ಅಲ್ಲಿ ಲತಾ ಎಂಬ ಹುಡುಗಿ ಸ್ಟುಡಿಯೋ ಇಟ್ಟುಕೊಂಡಿದ್ದಾಳೆ. ಮದುವೆ ವಿಡಿಯೋ ಅವಳ ಜೀವನ, ಹಳೇ ಮಿಷನ್ನು ಅವಳ ಹುಚ್ಚು. ಬಿಡುವಾದಾಗ ಕಂಪ್ಯೂಟರಿನಲ್ಲಿ ಕುಂಯ್ ಕುಂಯ್ ಎಂದು ತಾನೇ ಏನೇನೋ ಸಂಗೀತ ಮಾಡುತ್ತಾಳೆ. ನಮ್ಮ ಮನೆಯ ಮದುವೆ ಕ್ಯಾಸೆಟ್ಟನ್ನು ಅವಳೇ ಪೆನ್‌ಡ್ರೈವಿಗೆ ಹಾಕಿಕೊಟ್ಟವಳು. ಡಬ್ಬ ತೆಗೆದು, ಟೇಪನ್ನು ಬೆರಳಲ್ಲಿ ಸವರಿ, ಮೂಸಿ ನೋಡಿದಳು.

"ಎಲ್ಲಿಟ್ಟಿದ್ರಿ ಆಂಟಿ ಇದನ್ನ? ಇಷ್ಟು ಹಳೇ ಟೇಪು ತೇವ ಕುಡಿದು ಅಂಟಂಟಾಗಿರುತ್ತೆ. ಇದು ಗರಿಗರಿಯಾಗೈತೆ."

"ಅಟ್ಟದ ಮೇಲೆ. ಕಾಯಿ ಜೊತೆ."

"ಟೇಪನ್ನೂ ಕೊಬ್ಬರಿ ಮಾಡಿದ್ದೀರಿ ಬಿಡಿ" ಎಂದು ನಕ್ಕಳು.

ಅವಳು ಮಿಷನ್ನು ಒರೆಸುವಷ್ಟು ಹೊತ್ತು ನಾನು ಸುಮ್ಮನಿರಲಾರದೆ ಮುಟ್ಟದಪ್ಪನಿಂದ ಲಾಂದ್ರದಕ್ಕನ ತನಕ ಎಲ್ಲ ಹೇಳಿದೆ. ಅವಳ ಕಣ್ಣು ಅಗಲವಾಯಿತು. "ಇವರೆಲ್ಲ ಯಾರು ಅಂತ ನಂಗೊತ್ತು ಆಂಟಿ! ಇವರ ಕೆಲಸ ಕೇಳೇ ನಾನು ಇದಕ್ಕೆ ಬಿದ್ದಿದ್ದು. ಹೆಸರು ಹೇಳ್ಲಾ?"

"ಬೇಡ ಕಣೇ. ಇಷ್ಟು ವರ್ಷದ ನೆಂಟರು, ಈಗ ಹೆಸರು ಬದಲಾಯಿಸಿದ್ರೆ ಗುರುತೇ ಸಿಗಲ್ಲ" ಅಂದೆ.

ಚಕ್ರ ತಿರುಗಿತು. ಸ್ವಲ್ಪ ಸರಸರ. ಆಮೇಲೆ ಚಿಕ್ಕಮಾವನ ದನಿ, ಪಾಠ ಮಾಡುವ ಮೇಷ್ಟರ ದನಿ: "ಮೊದಲನೇ ತಿಂಗಳು. ನುಡಿಸಿದವರು ಅತ್ತಿಗೆಯವರು." ಗುಳುಗುಳು, ಗುಳುಗುಳು. ಅತ್ತೆಯ ಕೈ, ಮೂರು ಸಲ, ಮತ್ತೆ ಮೂರು ಸಲ. ಅತ್ತೆ ಹೋಗಿಯೂ ಬಹಳ ವರ್ಷವಾಯಿತು. ನನಗೆ ಆಗಲೇ ಕಣ್ಣು ತುಂಬಿತು. ತಿಂಗಳು ತಿಂಗಳಿಗೆ ಸದ್ದು ಸಣ್ಣಗಾಯಿತು. ಕಾಯಿಯ ಸದ್ದಿನ ಹಿಂದೆಯೇ ಶಿಳ್ಳೆಯ ಪೆಟ್ಟಿಗೆ ಅದೇ ಶ್ರುತಿ ಹಿಡಿದು ಮೆಲ್ಲಗೆ ಏರುತ್ತಿತ್ತು. ಒಂಬತ್ತನೇ ತಿಂಗಳು, ಹತ್ತನೇ ತಿಂಗಳು ಬರೀ ಮೌನ. ಸೀರೆಯ ಸರಬರ, ದೂರದಲ್ಲೊಂದು ಕಾಗೆ. ಇನ್ನು ಖಾಲಿ ಟೇಪು, ನನ್ನ ಪಾಪ ಎಂದು ಗಟ್ಟಿಯಾಗಿ ಕೂತೆ.

"ಹನ್ನೊಂದನೇ ತಿಂಗಳು" ಎಂದಿತು ಚಿಕ್ಕಮಾವನ ದನಿ. ಅದರಲ್ಲಿ ನಗು ತುಳುಕುತ್ತಿತ್ತು. "ನುಡಿಸಿದವರು ನಮ್ಮನೆ ಲೊಟಕವ್ವ."

ಲೊಟಕ್.

ನನ್ನ ನಾಲಿಗೆ. ಇಪ್ಪತ್ತು ವರ್ಷದ ನನ್ನ ನಾಲಿಗೆ. ಬಳೆಯ ಸದ್ದು, ಹೆಜ್ಜೆಯ ಸದ್ದು, ನಡುವೆ ಮೂಗು ಎಳೆದುಕೊಂಡ ಸದ್ದೂ ಇದೆ, ಕತ್ತರಿಸಿಲ್ಲ ಮಹರಾಯ. ಅವತ್ತು ಮೈಕಿನ ಮುಂದೆ ನನ್ನನ್ನು ನಡೆಸಿದ್ದು ಅದಕ್ಕೆ! ಆ ಒಂದು ಲೊಟಕ್ಕನ್ನು ತುಂಡು ಮಾಡಿ, ಟೇಪಿನ ಬಳೆ ಮಾಡಿ, ಕಂಬ ಸುತ್ತಿಸಿ ಓಡಿಸಿದ್ದರು. ಒಂದು ಎರಡಾಯಿತು, ಎರಡು ಹತ್ತಾಯಿತು, ಒಂದಕ್ಕೊಂದು ಹೆಜ್ಜೆ ತಪ್ಪಿಸಿ ಮತ್ತೆ ಕೂಡಿಕೊಂಡು, ಕೊನೆಗೆ ಇಡೀ ಅಟ್ಟದ ಕಾಯಿಯೆಲ್ಲ ಒಟ್ಟಿಗೆ ಗಿಟುಕಾಗಿ ನಡೆದುಬಂದ ಹಾಗಾಯಿತು. ಆಮೇಲೆ ಎಲ್ಲ ನಿಂತು, ಹತ್ತಿರದಿಂದ, ಕರುಂ ಕುರುಂ. ಯಾರೋ ಕೊಬ್ಬರಿ ಅಗಿಯುತ್ತಿದ್ದಾರೆ. ನಾನು ಕೊಟ್ಟ ಪ್ರಸಾದ. "ಚೆನ್ನಾಗಿ ಒಣಗೈತೆ ಕಣತ್ತಿಗೆ" ಅನ್ನುತ್ತಾರೆ ಚಿಕ್ಕಮಾವ. ಟೇಪು ಮುಗಿಯಿತು.

ಲತಾ ತಿರುಗಿ ನೋಡಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯದ ಸ್ಥಿತಿಯಲ್ಲಿದ್ದೆ. ನಾನು ಏನನ್ನೂ ಕೆಡಿಸಿರಲಿಲ್ಲ. ಮದುವೆಯ ಊಟದ ಸಾಲಿನಲ್ಲಿ ಆ ಮನುಷ್ಯ ನನ್ನ ಮುಖ ನೋಡಿ ಕಾದದ್ದು ಈ ಒಂದು ಹೆಸರಿಗೆ ನಾನು ನಗುತ್ತೇನೆ ಎಂದು.

"ಆಂಟಿ, ನಾಲ್ಕು ಜನ ಇದನ್ನ ಕೇಳ್ಬೇಕು. ನೆಟ್ಟಿಗೆ ಹಾಕ್ಲಾ? ಮಾಡಿದವರ ಹೆಸರು ಬೇಕು."

ಚಿಕ್ಕಮಾವನ ಹೆಸರನ್ನು ಇನಿಷಿಯಲ್ ಸಮೇತ ಹೇಳಿ ಬರೆಸಿದೆ.

"ನಿಮ್ಮದು?"

"ಟೇಪಿನಲ್ಲಿ ಹೇಳವ್ರಲ್ಲ, ಅದನ್ನೇ ಹಾಕು."

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಡಬ್ಬ ತೊಡೆಯ ಮೇಲಿತ್ತು. ರಸ್ತೆಯ ಎರಡೂ ಕಡೆ ತೋಟ, ಎಲ್ಲರ ಮನೆಯ ಅಟ್ಟದ ಮೇಲೂ ಕಾಯಿ. ಅವುಗಳಲ್ಲಿ ಎಷ್ಟು ಈಗ ಮೂಕಾಗಿವೆಯೋ, ಎಷ್ಟಕ್ಕೆ ನಾಳೆ ಬಾಯಿ ಬರುತ್ತದೆಯೋ ಎಂದು ಯೋಚಿಸುತ್ತಿದ್ದರೆ, ನನಗೆ ತಿಳಿಯದೆಯೇ ನಾಲಿಗೆ ಅಂಗುಳಿಗೆ ಹೋಯಿತು. ಲೊಟಕ್. ಕಂಡಕ್ಟರು ತಿರುಗಿ ನೋಡಿದ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು. ನೋಡಿದರೆ ನೋಡಿಕೊಳ್ಳಲಿ.

"ಕೇಳಿದೆ ಚಿಕ್ಕಮಾವ" ಅಂದೆ, ಗಟ್ಟಿಯಾಗಿಯೇ. "ಹನ್ನೊಂದನೇದು ಎಲ್ಲಕ್ಕಿಂತ ಚೆನ್ನಾಗೈತೆ."